ಉಳ್ಳಾಗಡ್ಡಿ ಬೇರಿನಲ್ಲಿ ವರ್ಣತಂತುವಿನ ತುದಿ ನೋಡುವ ಬಗೆ

ಜೀವಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದ ಯಾರನ್ನೇ ಕೇಳಿ, ಉಳ್ಳಾಗಡ್ಡಿ ಬೇರು ಒತ್ತಿ ಸ್ಲೈಡ್ ಮಾಡಿದ ನೆನಪು ಹೇಳುತ್ತಾರೆ. ಕೆಂಪು ಬಣ್ಣ ಹಾಕಿ, ಹೆಬ್ಬೆರಳಿಂದ ಒತ್ತಿ, ಒಂದು ಮೆಟಾಫೇಸ್ (ಕೋಶ ಒಡೆಯುವ ಮುನ್ನ ವರ್ಣತಂತುಗಳು ನಡುವೆ ಸಾಲುಗಟ್ಟುವ ಹಂತ) ಸಿಕ್ಕರೆ ಸಾಕು, ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬರೆದು ಸಹಿ ಹಾಕಿಸಿಕೊಂಡು ಮನೆಗೆ ಹೊರಡುತ್ತೇವೆ. ಹದಿನಾರು ವರ್ಣತಂತು ಎಣಿಸುತ್ತೇವೆ, ಸೆಂಟ್ರೋಮಿಯರ್, ಅಂದರೆ ಕೋಶ ಒಡೆಯುವಾಗ ವರ್ಣತಂತುವನ್ನು ಹಿಡಿದು ಎಳೆಯುವ ಜಾಗ, ನಡುವಿಗಿದೆಯೋ ಬದಿಗಿದೆಯೋ ಎಂದು ಗುರುತಿಸುತ್ತೇವೆ. ತುದಿಯತ್ತ ಮಾತ್ರ ಯಾರೂ ಕಣ್ಣು ಹಾಯಿಸುವುದಿಲ್ಲ.

ಅದೇ ಉಳ್ಳಾಗಡ್ಡಿಯ ತುದಿ ಸುಮಾರು ಎರಡು ದಶಕ ವಿಜ್ಞಾನಿಗಳಿಗೆ ಒಗಟಾಗಿತ್ತು. ಜೋಳ, ಭತ್ತ, ಬಟಾಣಿ ಎಲ್ಲದರ ವರ್ಣತಂತುವಿನ ಕೊನೆಯಲ್ಲೂ ಟಿ-ಟಿ-ಟಿ-ಎ-ಜಿ-ಜಿ-ಜಿ ಎಂಬ ಏಳಕ್ಷರ ಸಾವಿರಾರು ಅಕ್ಷರಗಳ ಉದ್ದಕ್ಕೂ ಮರುಕಳಿಸುತ್ತದೆ (ಡಿಎನ್ಎಯ ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳನ್ನೇ ಇಲ್ಲಿ ಅಕ್ಷರ ಎನ್ನುತ್ತೇನೆ). ಉಳ್ಳಾಗಡ್ಡಿಯಲ್ಲಿ ಅದು ಇಲ್ಲ. ಬೇರೇನಿದೆ ಎಂದು ಖಚಿತವಾಗಿ ಗೊತ್ತಾಗಿದ್ದು 2016ರಲ್ಲಿ, ಚೆಕ್ ದೇಶದ ಬರ್ನೋ ನಗರದ ಸಂಶೋಧಕರಿಂದ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಎಕರೆಗಟ್ಟಲೆ ಬೆಳೆಯುವ, ಲಾರಿಗಟ್ಟಲೆ ಮಾರುಕಟ್ಟೆಗೆ ಹೋಗುವ ಬೆಳೆಯೊಳಗೆ ಇಂಥದೊಂದು ವಿಷಯ ಇರುವಾಗ ನಮ್ಮ ಮಕ್ಕಳು ಅದನ್ನು ನೋಡದೆ ಪದವಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ನಾನು ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆದಿದ್ದೇನೆ. ಸಾಮಾನ್ಯ ಮೈಕ್ರೋಸ್ಕೋಪಿನಿಂದ ಹಿಡಿದು ಹೊಳೆಯುವ ಬಣ್ಣಗಳ ಮೈಕ್ರೋಸ್ಕೋಪಿನ ತನಕ, ಯಾವುದರಲ್ಲಿ ತುದಿಯ ಬಗ್ಗೆ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬುದೇ ಈ ಬರಹದ ಜೀವ.

ಮೊದಲು ತುದಿ ಅಂದರೇನು ಎಂದು ಎರಡು ಮಾತು. 1938ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್‌ರೇ ಹಾಯಿಸಿ ವರ್ಣತಂತುಗಳನ್ನು ಮುರಿದಾಗ, ಮುರಿದ ಜಾಗಗಳು ಒಂದಕ್ಕೊಂದು ಅಂಟಿಕೊಂಡವು, ಆದರೆ ಮೂಲದ ತುದಿಗಳು ಯಾವುದಕ್ಕೂ ಅಂಟಲಿಲ್ಲ. ಹಾಗಾದರೆ ತುದಿಗೆ ಏನೋ ವಿಶೇಷ ಇದೆ ಎಂದು ಅದಕ್ಕೆ ಟೆಲೊಮಿಯರ್ ಎಂಬ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಟೆಲೋಸ್ ಎಂದರೆ ಕೊನೆ, ಮೆರೋಸ್ ಎಂದರೆ ಭಾಗ. ಅದೇ ಕಾಲಕ್ಕೆ ಬಾರ್ಬರಾ ಮೆಕ್ಲಿಂಟಾಕ್ ಗೋವಿನಜೋಳದಲ್ಲಿ, ತುದಿ ಕಳೆದುಕೊಂಡ ವರ್ಣತಂತುಗಳು ಜೋಡಿಯಾಗಿ, ಕೋಶ ಒಡೆಯುವಾಗ ಸೇತುವೆಯಂತೆ ಎಳೆದುಕೊಂಡು, ಹರಿದು, ಮತ್ತೆ ಜೋಡಿಯಾಗುವುದನ್ನು ತೋರಿಸಿದರು. ಇಬ್ಬರ ಬಳಿಯೂ ಇದ್ದದ್ದು ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್. ಅಕ್ಷರಗಳ ವಿಷಯ ಬಂದದ್ದು ಬಹಳ ತಡವಾಗಿ: 1978ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್ ಟೆಟ್ರಾಹೈಮಿನಾ ಎಂಬ ನೀರಿನ ಏಕಕೋಶ ಜೀವಿಯಲ್ಲಿ ಮರುಕಳಿಸುವ ಆರಕ್ಷರ ಕಂಡರು. ತುದಿಯನ್ನು ಕಟ್ಟುವ ಟೆಲೊಮರೇಸ್ ಎಂಬ ಕಿಣ್ವವನ್ನು ಬ್ಲ್ಯಾಕ್‌ಬರ್ನ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾರೊಲ್ ಗ್ರೈಡರ್ 1985ರಲ್ಲಿ ಪ್ರಕಟಿಸಿದರು. ಇವರಿಬ್ಬರ ಜೊತೆ ಜ್ಯಾಕ್ ಶೋಸ್ಟಾಕ್ ಅವರಿಗೂ 2009ರಲ್ಲಿ ನೊಬೆಲ್ ಬಂತು.

ಗಡ್ಡಿ ಆರಿಸುವುದು, ಬೇರು ಬರಿಸುವುದು

ನಮ್ಮ ಕಡೆಯ ಅರ್ಧ ಪ್ರಾಜೆಕ್ಟುಗಳು ಕೆಡುವುದು ಇಲ್ಲೇ. ಹೊಸದಾಗಿ ಕಿತ್ತ ಗಡ್ಡಿ ಬೇಗ ಬೇರು ಬಿಡುವುದಿಲ್ಲ. ಅದಕ್ಕೆ ಕೆಲವು ವಾರ ನಿದ್ದೆಯ ಕಾಲ ಇರುತ್ತದೆ. ಚಿಗುರದಂತೆ ಔಷಧಿ ಅಥವಾ ವಿಕಿರಣ ಕೊಟ್ಟ ಗಡ್ಡಿಯಂತೂ ಬೇರಿನ ಮಾತೇ ಎತ್ತುವುದಿಲ್ಲ. ರೈತರ ಮನೆಯಲ್ಲಿ ಗಾಳಿಯಾಡುವ ಕಡೆ ಎರಡು ತಿಂಗಳು ಇಟ್ಟ, ಮಧ್ಯಮ ಗಾತ್ರದ, ಗಟ್ಟಿ ಗಡ್ಡಿ ತನ್ನಿ. ಬುಡದಲ್ಲಿ ಒಣಗಿದ ಹಳೆ ಬೇರಿನ ಜುಟ್ಟು ಇರುತ್ತದಲ್ಲ, ಅದನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಬುಡದ ತಟ್ಟೆಗೆ ಗಾಯ ಮಾಡಬೇಡಿ, ಹೊಸ ಬೇರು ಅದರ ಅಂಚಿನಿಂದಲೇ ಬರಬೇಕು.

ನೀರಿನ ಕಡೆಗೂ ಲಕ್ಷ್ಯ ಬೇಕು. ನಮ್ಮ ಕಡೆಯ ಎಷ್ಟೋ ಬೋರಿನ ನೀರು ಸವಳು. ಅದರಲ್ಲಿ ಬೇರು ಬಂದರೂ ಗಿಡ್ಡಾಗಿ, ತುದಿ ಕಂದಾಗಿ ನಿಲ್ಲುತ್ತದೆ. ಫಿಲ್ಟರ್ ನೀರು ಅಥವಾ ಮಳೆನೀರು ಬಳಸಿ, ದಿನಕ್ಕೊಮ್ಮೆ ಬದಲಿಸಿ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಗ್ಲಾಸಿನ ನೀರು ಕಾಯುತ್ತದೆ, ಬುಡ ಕೊಳೆಯುತ್ತದೆ, ಕೋಶಗಳು ಒಡೆಯುವುದನ್ನು ನಿಲ್ಲಿಸುತ್ತವೆ. ನಾನು ಒಂದು ಹಳೆ ಹರವಿಯ ಸುತ್ತ ಒದ್ದೆ ಗೋಣಿತಟ್ಟು ಸುತ್ತಿ, ಅದರೊಳಗೆ ಗ್ಲಾಸುಗಳನ್ನಿಟ್ಟು ಮೂಲೆಯಲ್ಲಿ ಇಡುತ್ತೇನೆ. ಒಳಗೆ 25 ಡಿಗ್ರಿ ಆಸುಪಾಸು ಸಿಕ್ಕರೆ ಎರಡು ಮೂರು ದಿನಕ್ಕೆ ಬೇರು ಒಂದೂವರೆ ಸೆಂಟಿಮೀಟರ್ ಬರುತ್ತದೆ. ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ.

ಬೇರಿನ ತುದಿಯನ್ನು ಬೆಳಿಗ್ಗೆ ಕತ್ತರಿಸುವುದು ರೂಢಿ. ಆದರೆ ನಿಮ್ಮ ಗಡ್ಡಿ, ನಿಮ್ಮ ಕೋಣೆಯ ಬಿಸಿಯಲ್ಲಿ ಯಾವ ಹೊತ್ತಿಗೆ ಹೆಚ್ಚು ಕೋಶ ಒಡೆಯುತ್ತವೆ ಎಂಬುದನ್ನು ನೀವೇ ಒಮ್ಮೆ ನೋಡಿಕೊಳ್ಳಿ. ಏಳು, ಒಂಬತ್ತು, ಹನ್ನೊಂದು ಗಂಟೆಗೆ ಮೂರ್ಮೂರು ಬೇರು ತೆಗೆದು ಹೋಲಿಸಿದರೆ ಒಂದೇ ದಿನದಲ್ಲಿ ತಿಳಿಯುತ್ತದೆ.

ಎರಡು ಪಾಲು ಮಾಡಿ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕತ್ತರಿಸಿದ ಬೇರುಗಳನ್ನು ಎರಡು ಪಾಲು ಮಾಡಬೇಕು. ಒಂದು ಪಾಲು ಮೆಟಾಫೇಸಿಗೆ, ಇನ್ನೊಂದು ಅನಾಫೇಸಿಗೆ, ಅಂದರೆ ವರ್ಣತಂತುಗಳು ಬೇರ್ಪಟ್ಟು ಎರಡು ಬದಿಗೆ ಸರಿಯುವ ಹಂತಕ್ಕೆ. ಮೆಟಾಫೇಸಿನಲ್ಲಿ ತುದಿಗಳನ್ನು ಬಿಡಿಬಿಡಿಯಾಗಿ ನೋಡಬೇಕಾದರೆ ಕೋಶದ ಕದಿರು ಕಟ್ಟದಂತೆ ತಡೆಯುವ ಔಷಧಿ ಬೇಕು. ಆ ಔಷಧಿ ಕೊಟ್ಟ ಬೇರಿನಲ್ಲಿ ಅನಾಫೇಸ್ ಸಿಗುವುದೇ ಇಲ್ಲ, ಏಕೆಂದರೆ ವರ್ಣತಂತುಗಳನ್ನು ಎಳೆಯುವ ಕದಿರೇ ಇರುವುದಿಲ್ಲ. ಎಲ್ಲ ಬೇರಿಗೂ ಔಷಧಿ ಕೊಟ್ಟು, ಆಮೇಲೆ ಸೇತುವೆ ಹುಡುಕುತ್ತ ವಾರ ಕಳೆದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ.

ಮೆಟಾಫೇಸಿನ ಪಾಲಿಗೆ 8-ಹೈಡ್ರಾಕ್ಸಿಕ್ವಿನೋಲಿನ್ ಬಳಸುತ್ತೇನೆ. ಲೀಟರ್ ನೀರಿಗೆ 0.29 ಗ್ರಾಂ, ಅಂದರೆ 0.002 ಮೋಲಾರ್. ಬೇಗ ಕರಗುವುದಿಲ್ಲ, ಉಗುರುಬೆಚ್ಚಗೆ ಮಾಡಿ ಕಲಕುತ್ತಿರಬೇಕು. ಬೇರಿನ ತುದಿಗಳನ್ನು ಅದರಲ್ಲಿ ಮೂರರಿಂದ ನಾಲ್ಕು ತಾಸು, ತಂಪಾದ ಜಾಗದಲ್ಲಿ ಇಡಿ. ಕಾಲ್ಚಿಸಿನ್ ಸಹ ನಡೆಯುತ್ತದೆ, 0.05 ಪ್ರತಿಶತ, ಆದರೆ ಅದು ಕಡು ವಿಷ. ಕೈಗವಸು ಇಲ್ಲದೆ ಮುಟ್ಟಬೇಡಿ, ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಯಾವುದನ್ನೇ ಬಳಸಿದರೂ ಹೊತ್ತು ಮೀರಿಸಬಾರದು. ಎಣಿಕೆಗೆ ವರ್ಣತಂತು ಮೊಂಡಾದರೆ ಅನುಕೂಲ. ತುದಿ ನೋಡುವವರಿಗೆ ಅದೇ ಕೇಡು, ಕುಗ್ಗಿದ ವರ್ಣತಂತುವಿನ ತುದಿಯಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಇನ್ನೊಂದು ಪಾಲನ್ನು ಔಷಧಿಯಿಲ್ಲದೆ ನೇರವಾಗಿ ಫಿಕ್ಸ್ ಮಾಡಿ, ಅಂದರೆ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ. ಫಿಕ್ಸೇಟಿವ್ ಎರಡಕ್ಕೂ ಒಂದೇ: ಮೂರು ಪಾಲು ಶುದ್ಧ ಈಥೈಲ್ ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ. ಆಗಿಂದಾಗಲೇ ಬೆರೆಸಿದ್ದಾಗಿರಬೇಕು, ನಿನ್ನೆ ಬೆರೆಸಿಟ್ಟದ್ದು ಇವತ್ತಿಗೆ ಬೇಡ. 24 ತಾಸು ಬಿಟ್ಟು 70 ಪ್ರತಿಶತ ಆಲ್ಕೋಹಾಲಿಗೆ ವರ್ಗಾಯಿಸಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಚಿಂತೆಯಿಲ್ಲ.

ಒತ್ತುವುದು

ಗಾಢ ಹೈಡ್ರೋಕ್ಲೋರಿಕ್ ಆಮ್ಲ 8.3 ಮಿ.ಲೀ. ತೆಗೆದುಕೊಂಡು ನೀರಿಗೆ ಸುರಿದು 100 ಮಿ.ಲೀ. ಮಾಡಿದರೆ ಒಂದು ನಾರ್ಮಲ್ ದ್ರಾವಣ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಇದನ್ನು 60 ಡಿಗ್ರಿಗೆ ಕಾಯಿಸಿ ಬೇರನ್ನು ಐದರಿಂದ ಎಂಟು ನಿಮಿಷ ಇಡಿ. ಕೋಶಗಳನ್ನು ಹಿಡಿದಿಟ್ಟ ಅಂಟು ಸಡಿಲಾಗುತ್ತದೆ. ಚೆನ್ನಾಗಿ ತೊಳೆದು, ಎರಡು ಪ್ರತಿಶತ ಅಸಿಟೋ-ಆರ್ಸೀನ್ ಅಥವಾ ಒಂದು ಪ್ರತಿಶತ ಅಸಿಟೋಕಾರ್ಮೈನಿನಲ್ಲಿ ಅರ್ಧ ತಾಸು ನೆನೆಸಿ.

ಈಗ ಬೇರಿನ ಕೊನೆಯ ಒಂದು ಎರಡು ಮಿಲಿಮೀಟರ್, ಕಡುಬಣ್ಣ ಹಿಡಿದ ಭಾಗ ಮಾತ್ರ ಸ್ಲೈಡಿನ ಮೇಲೆ ಉಳಿಯಲಿ. ಅದಕ್ಕಿಂತ ಮೇಲಿನದೆಲ್ಲ ಬರೇ ಉದ್ದ ಬೆಳೆದ ಕೋಶಗಳು, ಅವು ಒಡೆಯುವುದಿಲ್ಲ. 45 ಪ್ರತಿಶತ ಅಸಿಟಿಕ್ ಆಮ್ಲದ ಒಂದು ಹನಿ ಹಾಕಿ, ಕವರ್‌ಸ್ಲಿಪ್ ಇಟ್ಟು, ಪೆನ್ಸಿಲಿನ ರಬ್ಬರ್ ತುದಿಯಿಂದ ನಡುವಿನಿಂದ ಹೊರಕ್ಕೆ ತಟ್ಟುತ್ತ ಹೋಗಿ. ಕೋಶಗಳು ಮೋಡದಂತೆ ಹರಡುವುದು ಬರಿಗಣ್ಣಿಗೇ ಕಾಣುತ್ತದೆ. ಆಮೇಲೆ ಫಿಲ್ಟರ್ ಕಾಗದ ಮಡಚಿ ಮೇಲಿಟ್ಟು ಹೆಬ್ಬೆರಳಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಅಕ್ಕಪಕ್ಕ ಸರಿಯಿತೋ, ವರ್ಣತಂತುಗಳು ಉರುಳಿ ತುದಿಗಳು ತಿರುಚಿಕೊಳ್ಳುತ್ತವೆ. ಅಂಥ ಸ್ಲೈಡನ್ನು ಎಣಿಕೆಗೆ ಇಟ್ಟುಕೊಳ್ಳಬಹುದು, ತುದಿಯ ಅಧ್ಯಯನಕ್ಕೆ ಬೇಡ.

ಬೆಳಕಿನ ಮೈಕ್ರೋಸ್ಕೋಪಿನಲ್ಲಿ ನೋಡುವುದು

ಹತ್ತರ ಲೆನ್ಸಿನಲ್ಲಿ ಇಡೀ ಸ್ಲೈಡ್ ಹುಡುಕಿ, ನಲವತ್ತರಲ್ಲಿ ಆರಿಸಿ, ನೂರರ ಎಣ್ಣೆ ಲೆನ್ಸಿನಲ್ಲಿ ನಿಲ್ಲಿಸಿ. ಹಸಿರು ಫಿಲ್ಟರ್ ಹಾಕಿದರೆ ಕೆಂಪು ವರ್ಣತಂತು ಎದ್ದು ಕಾಣುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ಕನ್ನಡಿಯ ಮೈಕ್ರೋಸ್ಕೋಪ್ ಒಂದನ್ನು ಒರೆಸಿ ಇಟ್ಟುಕೊಂಡಿರಿ. ಕಿಟಕಿಯ ಹಗಲು ಬೆಳಕಿಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ.

ಹೋದ ಸಲ ಒಬ್ಬ ವಿದ್ಯಾರ್ಥಿನಿ ಕಣ್ಣು ತೆಗೆಯದೆ ಕೂಗಿದಳು. "ಮೇಡಂ, ತುದಿ ಕಾಣ್ಲಿಕತ್ತೈತ್ರಿ. ಆದ್ರ ಒಂದ್ ತುದಿ ಚಂದ ಐತಿ, ಇನ್ನೊಂದು ಮಸಕ್ ಐತ್ರಿ."

"ಸಣ್ಣ ಸ್ಕ್ರೂ ತಿರುಗಿಸ್ಕೋತ ನೋಡವಾ. ಒಂದೇ ಕಡೆ ನಿಲ್ಲಿಸಬ್ಯಾಡ. ವರ್ಣತಂತು ಕಾಗದದ ಮ್ಯಾಲಿನ ಗೆರೆ ಅಲ್ಲ, ಅದಕ್ಕೂ ಎತ್ತರ ತಗ್ಗು ಐತಿ."

ಹಾಗೆ ಸ್ಕ್ರೂ ಆಡಿಸುತ್ತ ಒಂದೊಂದೇ ವರ್ಣತಂತುವನ್ನು ಈ ತುದಿಯಿಂದ ಆ ತುದಿಗೆ ಹಿಂಬಾಲಿಸಿ. ಹದಿನಾರರಲ್ಲಿ ಹೆಚ್ಚಿನವು ಸೆಂಟ್ರೋಮಿಯರ್ ನಡುವಿಗೆ ಅಥವಾ ನಡುವಿನ ಹತ್ತಿರ ಇರುವಂಥವು, ಎರಡೂ ತೋಳು ಉದ್ದ. ಒಂದು ಜೋಡಿ ಮಾತ್ರ ಬೇರೆ: ಗಿಡ್ಡ ತೋಳಿನಲ್ಲಿ ಕತ್ತಿನಂತೆ ಸಣ್ಣ ಎಳೆ, ಅದರಾಚೆ ಒಂದು ಪುಟ್ಟ ಗುಂಡು. ಅದು ಸ್ಯಾಟಲೈಟ್. ಹೊಸಬರು ಅದನ್ನೇ ಟೆಲೊಮಿಯರ್ ಎಂದು ಬರೆದುಬಿಡುತ್ತಾರೆ. ಆ ಗುಂಡಿನ ಹೊರ ಅಂಚಿನಲ್ಲಿ ಎಲ್ಲೋ ಟೆಲೊಮಿಯರ್ ಇದೆ ನಿಜ, ಗುಂಡೇ ಟೆಲೊಮಿಯರ್ ಅಲ್ಲ.

ಇಲ್ಲೊಂದು ಲೆಕ್ಕ ಮಾಡೋಣ. ಹಸಿರು ಬೆಳಕಿನ ಅಲೆಯುದ್ದ 550 ನ್ಯಾನೋಮೀಟರ್. ಎಣ್ಣೆ ಲೆನ್ಸಿನ ಮೈಮೇಲೆ 1.25 ಎಂದು ಬರೆದಿರುತ್ತದೆ, ಅದು ಲೆನ್ಸು ಎಷ್ಟು ಅಗಲದ ಬೆಳಕು ಹಿಡಿಯುತ್ತದೆ ಎಂಬುದರ ಅಂಕಿ. ಸೂತ್ರದ ಸ್ಥಿರಾಂಕವಾದ 0.61ನ್ನು 550ರಿಂದ ಗುಣಿಸಿ 1.25ರಿಂದ ಭಾಗಿಸಿದರೆ 268 ನ್ಯಾನೋಮೀಟರ್ ಬರುತ್ತದೆ. ಇದಕ್ಕಿಂತ ಹತ್ತಿರವಿರುವ ಎರಡು ಚುಕ್ಕೆ ಈ ಲೆನ್ಸಿಗೆ ಒಂದೇ ಚುಕ್ಕೆ. ಇದಕ್ಕಿಂತ ಸಣ್ಣ ವಸ್ತು ಚೌಕವಿದ್ದರೂ ಚೂಪಿದ್ದರೂ ದುಂಡಗೇ ಕಾಣುತ್ತದೆ. ಹಾಗಾಗಿ "ವರ್ಣತಂತುವಿನ ತುದಿ ದುಂಡಗಿದೆ" ಎಂದು ರೆಕಾರ್ಡಿನಲ್ಲಿ ಬರೆಯುವ ಮುನ್ನ ಯೋಚಿಸಿ, ಆ ದುಂಡಿನಲ್ಲಿ ಬೆಳಕಿನ ಪಾಲೂ ಇದೆ.

ಇನ್ನು ತುದಿಯೊಳಗಿನ ಡಿಎನ್ಎ. ಮನುಷ್ಯರ ಟೆಲೊಮಿಯರ್ ಸುಮಾರು 5 ಸಾವಿರದಿಂದ 15 ಸಾವಿರ ಅಕ್ಷರ. ಒಂದಕ್ಷರದಿಂದ ಇನ್ನೊಂದಕ್ಕೆ 0.34 ನ್ಯಾನೋಮೀಟರ್, ಆದ್ದರಿಂದ 10 ಸಾವಿರ ಅಕ್ಷರದ ಎಳೆಯನ್ನು ಪೂರ್ತಿ ಎಳೆದರೆ 3.4 ಮೈಕ್ರೋಮೀಟರ್ ಉದ್ದ. ಅಷ್ಟಿದ್ದರೆ ನಮ್ಮ ಕಾಲೇಜಿನ ಲೆನ್ಸಿಗೂ ಕಾಣಬೇಕಿತ್ತು. ಆದರೆ ಅದು ಪ್ರೋಟೀನುಗಳ ಜೊತೆ ಸುತ್ತಿಕೊಂಡು ಒಂದು ಚುಕ್ಕೆಯಷ್ಟಾಗಿರುತ್ತದೆ, ಬಣ್ಣದಲ್ಲಿ ಉಳಿದ ಭಾಗದಿಂದ ಬೇರೆಯಾಗಿಯೂ ಕಾಣುವುದಿಲ್ಲ.

ಹಾಗಾದರೆ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ತುದಿಯ ಬಗ್ಗೆ ಕಲಿಯಲು ಏನಿದೆ? ತುದಿ ಎಲ್ಲಿದೆ ಎಂಬುದಿದೆ, ತುದಿ ಕೆಟ್ಟರೆ ಏನಾಗುತ್ತದೆ ಎಂಬುದಿದೆ. ಎರಡಕ್ಕೂ ಔಷಧಿ ಕೊಡದ ಪಾಲಿನ ಅನಾಫೇಸುಗಳನ್ನು ನೋಡಬೇಕು. ಸೆಂಟ್ರೋಮಿಯರ್ ಮುಂದೆ, ತೋಳುಗಳು ಹಿಂದೆ. ಎತ್ತಿನ ಮೂಗುದಾರ ಹಿಡಿದು ಎಳೆದಂತೆ ವರ್ಣತಂತುಗಳು ಎರಡು ಧ್ರುವಕ್ಕೆ ಹೋಗುತ್ತಿರುತ್ತವೆ. ತುದಿಗಳೆಲ್ಲ ಕೋಶದ ನಡುವಿನ ಕಡೆ ಮುಖ ಮಾಡಿರುತ್ತವೆ. ಉಳ್ಳಾಗಡ್ಡಿಯ ತೋಳು ಉದ್ದವಾದ್ದರಿಂದ ಇದು ಬಹಳ ಸ್ಪಷ್ಟ. ಕೋಶ ಒಡೆದ ಮೇಲೂ ಸೆಂಟ್ರೋಮಿಯರ್ ಒಂದು ಬದಿ, ತುದಿಗಳು ಇನ್ನೊಂದು ಬದಿ ಇರುವ ಈ ಜೋಡಣೆ ಎಷ್ಟೋ ಗಿಡಗಳ ನ್ಯೂಕ್ಲಿಯಸ್ಸಿನಲ್ಲಿ ಹಾಗೇ ಉಳಿಯುತ್ತದೆ. 1885ರಲ್ಲಿ ಕಾರ್ಲ್ ರಾಬ್ಲ್ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ.

ಹಳೆ ಬೀಜದಲ್ಲಿ ಸೇತುವೆ ಹುಡುಕುವುದು

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ನಾನು ಮೊದಲು ಸೂಚಿಸುವ ಪ್ರಾಜೆಕ್ಟ್ ಇದೇ. ಉಳ್ಳಾಗಡ್ಡಿ ಬೀಜ ಬಹಳ ಬೇಗ ಜೀವ ಕಳೆದುಕೊಳ್ಳುತ್ತದೆ. ವರ್ಷ ಎರಡು ವರ್ಷ ದಾಟಿದರೆ ಮೊಳಕೆ ಇಳಿಯುತ್ತದೆ ಎಂದು ಪ್ರತಿ ರೈತನಿಗೂ ಗೊತ್ತು. ಮೊಳೆತ ಹಳೆ ಬೀಜಗಳ ಬೇರಿನ ಮೊದಲ ವಿಭಜನೆಗಳಲ್ಲಿ ಮುರಿದ ವರ್ಣತಂತು, ಸೇತುವೆ, ಬಿಡಿ ತುಣುಕು ಹೆಚ್ಚು ಸಿಗುತ್ತವೆ ಎಂಬುದು 1930ರ ದಶಕದಿಂದಲೇ ಬೇರೆ ಬೇರೆ ಗಿಡಗಳಲ್ಲಿ ಕಂಡ ಸಂಗತಿ.

ಬೀಜ ಕೇಳಲು ಬಸವನ ಬಾಗೇವಾಡಿ ಕಡೆಯ ಒಬ್ಬ ಹಿರಿಯ ರೈತರ ಮನೆಗೆ ಹೋಗಿದ್ದೆ. "ಹೊಲಕ್ಕ ಬಾರದ ಬೀಜ ನಿಮಗ್ಯಾಕ್ರೀ ಮೇಡಂ?" ಎಂದರು. "ಅದರೊಳಗ ಏನ್ ಕೆಟ್ಟೈತಿ ನೋಡೋದೈತ್ರಿ ಕಾಕಾ" ಎಂದೆ. ಒಳಗಿನಿಂದ ಮೂರು ಪೊಟ್ಟಣ ತಂದು, ಯಾವುದು ಯಾವ ವರ್ಷದ್ದು ಎಂದು ಪೆನ್ನಿನಿಂದ ಬರೆದೇ ಕೊಟ್ಟರು. ಒಂದೇ ಹೊಲದ ಮೂರು ವರ್ಷದ ಬೀಜ! ಪೇಟೆಯಲ್ಲಿ ದುಡ್ಡು ಕೊಟ್ಟರೂ ಇಂಥ ಸಾಮಗ್ರಿ ಸಿಗುವುದಿಲ್ಲ.

ಪ್ರತಿ ಪೊಟ್ಟಣದ ನೂರು ಬೀಜ ಎಣಿಸಿ, ಪೆಟ್ರಿ ತಟ್ಟೆಯಲ್ಲಿ ಒದ್ದೆ ಬ್ಲಾಟಿಂಗ್ ಕಾಗದದ ಮೇಲೆ ಹರಡಿ. ಬೇರು ಅರ್ಧ ಸೆಂಟಿಮೀಟರ್ ಆಗುತ್ತಲೇ ಫಿಕ್ಸ್ ಮಾಡಿ. ಉದ್ದವಾಗಲು ಬಿಟ್ಟರೆ ಕೆಟ್ಟ ಕೋಶಗಳು ಹಿಂದುಳಿದು, ಒಳ್ಳೆಯ ಕೋಶಗಳೇ ಮುಂದೆ ಬಂದಿರುತ್ತವೆ, ಲೆಕ್ಕ ತಪ್ಪುತ್ತದೆ. ಸ್ಲೈಡುಗಳಿಗೆ ವರ್ಷ ಬರೆಯಬೇಡಿ. ಗೆಳತಿಯೊಬ್ಬಳ ಕೈಯಲ್ಲಿ ಅಂಕಿ ಹಾಕಿಸಿ, ಪಟ್ಟಿ ಆಕೆಯ ಬಳಿಯೇ ಇರಲಿ. ಹಳೆಯದು ಎಂದು ಗೊತ್ತಿದ್ದರೆ ಕಣ್ಣು ಇಲ್ಲದ ಸೇತುವೆಯನ್ನೂ ಕಾಣುತ್ತದೆ. ಪ್ರತಿ ಗುಂಪಿಗೆ ಕನಿಷ್ಠ ಐದು ಬೇರಿನಿಂದ, ನೂರಕ್ಕೆ ಕಮ್ಮಿಯಿಲ್ಲದಂತೆ ಅನಾಫೇಸ್ ಎಣಿಸಿ.

ಸೇತುವೆ ಎಂದರೆ ಯಾವುದು? ಉಳ್ಳಾಗಡ್ಡಿಯಲ್ಲಿ ಉದ್ದ ತೋಳುಗಳ ತುದಿಗಳು ಎಲ್ಲಕ್ಕಿಂತ ಕೊನೆಗೆ ಬೇರ್ಪಡುತ್ತವೆ. ಅನಾಫೇಸ್ ಶುರುವಿನಲ್ಲಿ ನೋಡಿದರೆ ಇನ್ನೂ ಬಿಡಿಸಿಕೊಳ್ಳುತ್ತಿರುವ ಒಳ್ಳೆಯ ತೋಳೂ ಸೇತುವೆಯಂತೆ ಕಾಣುತ್ತದೆ. ಆದ್ದರಿಂದ ಎರಡು ಗುಂಪು ಚೆನ್ನಾಗಿ ದೂರ ಸರಿದ ಕೋಶಗಳನ್ನು ಮಾತ್ರ ಎಣಿಸಿ. ಗುಂಪಿನಿಂದ ಗುಂಪಿಗೆ ಒಂದೇ ಎಳೆ, ಎಲ್ಲೂ ಕಡಿಯದೆ, ಸ್ಕ್ರೂ ಆಡಿಸಿದಾಗ ಒಂದಾದ ಮೇಲೊಂದು ಭಾಗ ಸ್ಪಷ್ಟವಾಗುತ್ತ ಹೋಗಬೇಕು. ಎಳೆಯ ನಡುಭಾಗ ಎಳೆದಂತೆ ತೆಳ್ಳಗಿರುತ್ತದೆ. ಒಂದು ತೋಳು ಇನ್ನೊಂದರ ಮೇಲೆ ಬಿದ್ದು ಸೇತುವೆಯಂತೆ ತೋರಿದ್ದರೆ ಸ್ಕ್ರೂ ಆಡಿಸಿದಾಗ ಎರಡು ಬೇರೆ ಬೇರೆ ಮಟ್ಟದಲ್ಲಿ ಕಾಣುತ್ತವೆ. ಕೋಶದಲ್ಲಿ ಮೂರು ನಾಲ್ಕು ದಪ್ಪ ಸೇತುವೆ, ಎಲ್ಲವೂ ಬೆಲ್ಲದ ಪಾಕದಂತೆ ಅಂಟಂಟು ಎನಿಸಿದರೆ ಅದು ಅಂಟುವಿಕೆ, ವಿಷದಿಂದಲೋ ಕೆಟ್ಟ ಫಿಕ್ಸಿಂಗಿನಿಂದಲೋ ಬಂದದ್ದು. ಅದನ್ನು ಬೇರೆ ಕಾಲಂನಲ್ಲಿ ಬರೆಯಿರಿ.

ನಿಜವಾದ ಸೇತುವೆ ಸಿಕ್ಕಾಗ ಅದರ ಸುತ್ತಮುತ್ತ ಬಿಡಿ ತುಣುಕು ಇದೆಯೇ ನೋಡಿ. ತುಣುಕು ಇದ್ದರೆ ವರ್ಣತಂತು ಎಲ್ಲೋ ನಡುವೆ ಮುರಿದು, ಮುರಿದ ಬಾಯಿಗಳು ಕೂಡಿಕೊಂಡಿವೆ; ತುದಿಯಿದ್ದ ಚೂರು ಸೆಂಟ್ರೋಮಿಯರ್ ಇಲ್ಲದೆ ಹಿಂದುಳಿದಿದೆ. ತುಣುಕು ಇಲ್ಲದಿದ್ದರೆ ತುದಿಗಳೇ ತಮ್ಮ ರಕ್ಷಣೆ ಕಳೆದುಕೊಂಡು ಒಂದಕ್ಕೊಂದು ಬೆಸೆದಿರಬಹುದು. "ಇರಬಹುದು" ಎಂದೇ ಬರೆಯಬೇಕು. ಸಣ್ಣ ತುಣುಕು ಬಣ್ಣದ ಗುಂಪಿನಡಿ ಅಡಗಿರುವ ಸಾಧ್ಯತೆ ಯಾವಾಗಲೂ ಇದೆ, ಮುಂಚಿನ ವಿಭಜನೆಯಲ್ಲೇ ಕಳೆದುಹೋಗಿರಲೂಬಹುದು.

ಗೀಮ್ಸಾ ಬಣ್ಣದ ಪಟ್ಟೆ

ಇದು ಎಂ.ಎಸ್ಸಿ. ಮಾಡುವವರಿಗೆ, ಬೇಗ ಹೇಳಿಬಿಡುತ್ತೇನೆ. ಬಣ್ಣ ಹಾಕದೆ 45 ಪ್ರತಿಶತ ಅಸಿಟಿಕ್ ಆಮ್ಲದಲ್ಲೇ ಬೇರು ಒತ್ತಿ, ಸ್ಲೈಡನ್ನು ಹೆಪ್ಪುಗಟ್ಟಿಸಿ, ಕವರ್‌ಸ್ಲಿಪ್ಪನ್ನು ಬ್ಲೇಡಿನಿಂದ ಚಿಮ್ಮಿಸಬೇಕು. ಅದಕ್ಕೆ ದ್ರವ ಸಾರಜನಕ ಬೇಕಾಗುತ್ತದೆ. ಕಾಲೇಜಿನಲ್ಲಿ ಇಲ್ಲವೆಂದು ಕೈಬಿಡಬೇಡಿ, ದನಗಳ ಕೃತಕ ಗರ್ಭಧಾರಣೆಗೆ ಪಶು ಆಸ್ಪತ್ರೆಗಳಲ್ಲಿ ಅದರ ಜಾಡಿ ಇರುತ್ತದೆ. ಪ್ರಾಚಾರ್ಯರ ಪತ್ರ ಹಿಡಿದು ಹೋಗಿ ಕೇಳಿ. ತರುವಾಗ ಮುಚ್ಚಳ ಬಿಗಿಯಬಾರದು, ಒತ್ತಡಕ್ಕೆ ಸಿಡಿಯುತ್ತದೆ. ಕೈಗೆ ತಾಗಿದರೆ ಸುಟ್ಟಂತೆ ಗಾಯ. ಸ್ಲೈಡ್ ಕೆಲವು ದಿನ ಒಣಗಲಿ. ಬಳಿಕ ಐದು ಪ್ರತಿಶತ ಬೇರಿಯಂ ಹೈಡ್ರಾಕ್ಸೈಡಿನಲ್ಲಿ ಐದರಿಂದ ಹತ್ತು ನಿಮಿಷ, ತೊಳೆದು 60 ಡಿಗ್ರಿಯ ಉಪ್ಪು-ಸಿಟ್ರೇಟ್ ದ್ರಾವಣದಲ್ಲಿ ಒಂದು ತಾಸು, ಕೊನೆಗೆ ಗೀಮ್ಸಾ.

ಸರಿಯಾಗಿ ಬಂದರೆ ಮೈ ನಸುಬಣ್ಣ, ತುದಿಗಳಲ್ಲಿ ಮಾತ್ರ ಕಡುಬಣ್ಣದ ಪಟ್ಟೆ. ನೋಡಿದ ತಕ್ಷಣ "ಇಗೋ ಟೆಲೊಮಿಯರ್" ಎನ್ನುವ ಆಸೆ ಹುಟ್ಟುತ್ತದೆ. ಆ ಪಟ್ಟೆಯೊಳಗಿರುವುದು ಸುಮಾರು 375 ಅಕ್ಷರದ ಒಂದು ತುಣುಕಿನ ಮರುಕಳಿಕೆ, ತುದಿಗೆ ಹತ್ತಿರದ ನೆರೆ. ಏಳಕ್ಷರದ ಮಾಲೆ ಸಿಗದಿದ್ದಾಗ, ಬಹುಶಃ ಇದೇ ಉಳ್ಳಾಗಡ್ಡಿಯ ತುದಿ ಕಾಯುವ ಕೆಲಸ ಮಾಡುತ್ತಿರಬೇಕು ಎಂದು ಸಂಶೋಧಕರೇ ಒಂದು ಕಾಲಕ್ಕೆ ಊಹಿಸಿದ್ದರು. 2016ರ ಕೆಲಸ ಆ ಊಹೆಯನ್ನು ಬದಿಗೆ ಸರಿಸಿತು. ನಿಜವಾದ ಮಾಲೆ ಹನ್ನೆರಡು ಅಕ್ಷರದ್ದು: ಸಿ-ಟಿ-ಸಿ-ಜಿ-ಜಿ-ಟಿ-ಟಿ-ಎ-ಟಿ-ಜಿ-ಜಿ-ಜಿ. ಅದನ್ನು ಕಟ್ಟುವುದೂ ಟೆಲೊಮರೇಸ್ ಕಿಣ್ವವೇ.

ಹೊಳೆಯುವ ಚುಕ್ಕೆಗಳು

ತುದಿಯನ್ನು ತುದಿಯೆಂದು ಹೆಸರಿಟ್ಟು ತೋರಿಸುವ ವಿಧಾನ ಫಿಶ್. ತುದಿಯ ಅಕ್ಷರಮಾಲೆಗೆ ಜೋಡಿಯಾಗುವ ಸಣ್ಣ ಡಿಎನ್ಎ ತುಂಡಿಗೆ ಹೊಳೆಯುವ ಬಣ್ಣ ಕಟ್ಟಿ, ಸ್ಲೈಡಿನ ಮೇಲೆ ಬಿಟ್ಟು, ಅದು ತನ್ನ ಜೋಡಿಯನ್ನು ಹುಡುಕಿ ಕೂರುವಂತೆ ಮಾಡುವುದು. ಇದಕ್ಕೆ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಬೇಕು. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಇಂಥ ಕಡೆ ಮೊದಲು ಪತ್ರ ಬರೆದು ಸೌಲಭ್ಯ ವಿಚಾರಿಸಿ. ಸ್ಲೈಡುಗಳನ್ನು ಊರಲ್ಲೇ ತಯಾರಿಸಿ, ಒಳ್ಳೆಯ ಮೆಟಾಫೇಸ್ ಇರುವ ಹತ್ತನ್ನು ಆರಿಸಿಕೊಂಡು ಹೋದರೆ ಅಲ್ಲಿನವರ ಹೊತ್ತೂ ಉಳಿಯುತ್ತದೆ, ನಿಮ್ಮ ಮೇಲೆ ವಿಶ್ವಾಸವೂ ಬರುತ್ತದೆ.

ಕೆಲಸದ ಸಾರ ಹೀಗೆ. ಆರ್‌ಎನ್‌ಎ ತೆಗೆಯುವ ಕಿಣ್ವದಲ್ಲಿ 37 ಡಿಗ್ರಿಗೆ ಒಂದು ತಾಸು. ಅಡ್ಡ ಬರುವ ಪ್ರೋಟೀನ್ ಕಳೆಯಲು ಪೆಪ್ಸಿನ್, ಹೆಚ್ಚಾದರೆ ವರ್ಣತಂತುವೇ ಊದಿಕೊಳ್ಳುತ್ತದೆ. ನಾಲ್ಕು ಪ್ರತಿಶತ ಫಾರ್ಮಾಲ್ಡಿಹೈಡಿನಲ್ಲಿ ಗಟ್ಟಿಮಾಡಿ, ಆಲ್ಕೋಹಾಲಿನಲ್ಲಿ ಒಣಗಿಸಿ. ಬಣ್ಣದ ತುಂಡು ಇರುವ ಫಾರ್ಮಮೈಡ್ ಮಿಶ್ರಣ ಹಾಕಿ, 80 ಡಿಗ್ರಿಯಲ್ಲಿ ಮೂರು ನಿಮಿಷ ಇಟ್ಟರೆ ಡಿಎನ್ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ. ಆಮೇಲೆ 37 ಡಿಗ್ರಿಯ ಒದ್ದೆ ಡಬ್ಬಿಯಲ್ಲಿ ರಾತ್ರಿಯಿಡೀ. ಬೆಳಿಗ್ಗೆ ತೊಳೆದು, ಡಿಎನ್ಎಗೆ ನೀಲಿ ಹೊಳಪು ಕೊಡುವ ಡ್ಯಾಪಿ ಹಾಕಿ ಮುಚ್ಚಿ. ಫಾರ್ಮಮೈಡ್ ಗರ್ಭಿಣಿಯರಿಗೆ ಅಪಾಯಕಾರಿ, ಹೊಗೆಗೂಡಿನಲ್ಲೇ ಬಳಸಬೇಕು.

ಜೊತೆಗೆ ಹೋಲಿಕೆಗೆ ಸ್ಲೈಡ್ ಇರಲೇಬೇಕು. ನಮ್ಮ ನೆಲದಲ್ಲೇ ಅದಕ್ಕೆ ಸೊಗಸಾದ ಜೋಡಿ ಇದೆ: ಉಳ್ಳಾಗಡ್ಡಿ ಮತ್ತು ಬಿಳಿಜೋಳ. ಏಳಕ್ಷರದ ತುಂಡು ಜೋಳದ ತುದಿಗಳಲ್ಲಿ ಹೊಳೆಯಬೇಕು, ಉಳ್ಳಾಗಡ್ಡಿಯಲ್ಲಿ ಹೊಳೆಯಬಾರದು. ಹನ್ನೆರಡಕ್ಷರದ ತುಂಡು ಉಳ್ಳಾಗಡ್ಡಿಯಲ್ಲಿ ಹೊಳೆಯಬೇಕು, ಜೋಳದಲ್ಲಿ ಬಾರದು. ಜೋಳದ ಇಪ್ಪತ್ತು ವರ್ಣತಂತುಗಳು ಬಹಳ ಸಣ್ಣವು, ಆಕಾರ ನೋಡಲು ಕಷ್ಟ, ಆದರೆ ಹೊಳಪು ಇದೆಯೋ ಇಲ್ಲವೋ ಎಂದು ಹೇಳಲು ಸಾಕು. ಈ ನಾಲ್ಕು ಸ್ಲೈಡು ಸರಿ ಬಂದರೆ ನಿಮ್ಮ ಪ್ರಯೋಗದ ಮೇಲೆ ಯಾರೂ ಬೆರಳು ತೋರಿಸಲಾರರು.

ಚುಕ್ಕೆಗಳ ಲೆಕ್ಕ ಮೊದಲೇ ಗೊತ್ತಿರಲಿ. ಹದಿನಾರು ವರ್ಣತಂತು, ಒಂದೊಂದಕ್ಕೆ ಎರಡು ತುದಿ, 32. ಮೆಟಾಫೇಸಿನಲ್ಲಿ ಪ್ರತಿ ವರ್ಣತಂತು ಜೋಡೆಳೆಯಾಗಿರುವುದರಿಂದ ಗರಿಷ್ಠ 64 ಚುಕ್ಕೆ. ಅಕ್ಕಪಕ್ಕದ ಜೋಡಿ ಚುಕ್ಕೆ ಕೆಲವೆಡೆ ಒಂದೇ ಆಗಿ ಕಾಣುತ್ತವೆ, ಅದು ಸಹಜ. 64 ಮೀರಿ ಚುಕ್ಕೆ ಎಣಿಸಿದರೆ ತೊಳೆದದ್ದು ಸಾಲದು ಎಂದರ್ಥ. ವರ್ಣತಂತುವಿನ ಒಂದು ತುದಿ ಒಂದು ಕೋಶದಲ್ಲಿ ಹೊಳೆಯದಿದ್ದರೆ ತುದಿ ಇಲ್ಲ ಎನ್ನಬೇಡಿ. ಅದೇ ತುದಿ ಹತ್ತಾರು ಕೋಶದಲ್ಲಿ ಹೊಳೆಯದಿದ್ದರೆ ಆಗ ಯೋಚಿಸಿ.

ಹೊಳಪಿನ ಅಳತೆಯಿಂದ ತುದಿಯ ಉದ್ದ ಹೋಲಿಸುವ ಪದ್ಧತಿ ಮನುಷ್ಯ ಕೋಶಗಳಲ್ಲಿ 1996ರಿಂದ ಬಂದಿದೆ. ಹೊಳಪು ಹೆಚ್ಚಿದ್ದರೆ ತುದಿ ಉದ್ದ. ಆದರೆ ಎಲ್ಲ ಚಿತ್ರಕ್ಕೂ ಒಂದೇ ಎಕ್ಸ್‌ಪೋಷರ್, ಒಂದೇ ದೀಪ, ಒಂದೇ ದಿನದ ಬಣ್ಣ ಇರಬೇಕು. ಚುಕ್ಕೆ ಪೂರ್ತಿ ಬಿಳಿಯಾಗಿ ತುಂಬಿಹೋದರೆ ಆ ಚಿತ್ರದಿಂದ ಅಳತೆ ತೆಗೆಯುವಂತಿಲ್ಲ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಅಳೆಯಿರಿ, ಮೂಲ ಚಿತ್ರದ ಬೆಳಕು ತಿದ್ದದೆ ಹಾಗೇ ಉಳಿಸಿಕೊಳ್ಳಿ.

ಚುಕ್ಕೆಯೊಳಗೆ ಏನಿದೆ

ಚುಕ್ಕೆಯ ಒಳಗಿನ ಆಕಾರ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೂ ನಿಲುಕದು. ಇನ್ನೂರು ಚಿಲ್ಲರೆ ನ್ಯಾನೋಮೀಟರಿನ ಗೋಡೆ ಅಲ್ಲೂ ಇದೆ. ಅದನ್ನು ದಾಟಿದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್. 1999ರಲ್ಲಿ ಜ್ಯಾಕ್ ಗ್ರಿಫಿತ್ ಮತ್ತು ಟಿಟಿಯಾ ಡಿ ಲಾಂಗೆ ಅವರ ತಂಡಗಳು ಮನುಷ್ಯ ಮತ್ತು ಇಲಿ ಕೋಶಗಳ ತುದಿಗಳನ್ನು ಸೋರಾಲೆನ್ ಎಂಬ ರಾಸಾಯನಿಕದಿಂದ ಇದ್ದಲ್ಲೇ ಬಿಗಿಸಿ, ಬೇರ್ಪಡಿಸಿ ನೋಡಿದಾಗ ದೊಡ್ಡ ದೊಡ್ಡ ಕುಣಿಕೆಗಳು ಕಂಡವು. ಎಳೆಯ ಕೊನೆ ಹಿಂದಕ್ಕೆ ಬಾಗಿ, ಜೋಡಿ ಇಲ್ಲದ ಒಂಟಿ ಎಳೆಯ ಚೂರನ್ನು ತನ್ನದೇ ಮೈಯೊಳಗೆ ತೂರಿಸಿಕೊಂಡಿತ್ತು. ಕೆಲಸಕ್ಕೆ ನಿಂತ ಹೆಣ್ಣುಮಕ್ಕಳು ಸೆರಗಿನ ತುದಿಯನ್ನು ನಡುವಿಗೆ ಸಿಕ್ಕಿಸುತ್ತಾರಲ್ಲ, ಥೇಟ್ ಹಾಗೆ. ಸಿಕ್ಕಿಸಿದ ಸೆರಗು ಎಲ್ಲಿಯೂ ತೊಡರುವುದಿಲ್ಲ. ಬಟಾಣಿಯಲ್ಲೂ ಇಂಥ ಕುಣಿಕೆ ಇರುವುದನ್ನು 2003ರಲ್ಲಿ ತೋರಿಸಿದರು. ಬೆಳಕಿನ ಗೋಡೆಯನ್ನೇ ಜಾಣತನದಿಂದ ದಾಟುವ ಸೂಪರ್ ರೆಸಲ್ಯೂಷನ್ ವಿಧಾನಗಳಿಗೆ 2014ರಲ್ಲಿ ನೊಬೆಲ್ ಬಂತು. ಅದರ ಹಿಂದಿನ ವರ್ಷವೇ ಅಂಥದೊಂದು ವಿಧಾನದಲ್ಲಿ ಇಲಿ ಕೋಶಗಳ ಕುಣಿಕೆ ನೋಡಿ, ಟಿಆರ್‌ಎಫ್2 ಎಂಬ ಪ್ರೋಟೀನ್ ತೆಗೆದರೆ ಕುಣಿಕೆ ಉಳಿಯುವುದಿಲ್ಲ ಎಂದು ತೋರಿಸಿದ್ದರು.

ವರದಿ ಬರೆಯುವಾಗ

ಬೇರು ಒತ್ತಿ ನೋಡಿದವರು ಹೀಗೆ ಬರೆಯಲಿ: "ಔಷಧಿ ಕೊಡದ ಇಷ್ಟು ಬೇರಿನ ಇಷ್ಟು ಅನಾಫೇಸುಗಳಲ್ಲಿ ಇಷ್ಟು ಸೇತುವೆ ಕಂಡವು; ಅವುಗಳಲ್ಲಿ ತುಣುಕಿನೊಂದಿಗೆ ಇಷ್ಟು, ತುಣುಕಿಲ್ಲದೆ ಇಷ್ಟು." ಗೀಮ್ಸಾ ಮಾಡಿದವರು "ತುದಿಯ ಹತ್ತಿರದ ಪಟ್ಟೆ" ಎನ್ನಲಿ. ಫಿಶ್ ಮಾಡಿದವರು "ಹನ್ನೆರಡಕ್ಷರದ ಮಾಲೆಯ ಹೊಳಪು ಇಷ್ಟು ಕೋಶಗಳಲ್ಲಿ ಇಷ್ಟು ತುದಿಗಳಲ್ಲಿ ಕಂಡಿತು, ಜೋಳದಲ್ಲಿ ಕಾಣಲಿಲ್ಲ" ಎನ್ನಲಿ. ಪ್ರತಿ ಚಿತ್ರದ ಮೂಲೆಯಲ್ಲಿ ಅಳತೆಯ ಗೆರೆ, ಕೆಳಗೆ ಲೆನ್ಸಿನ ಅಂಕಿ, ಬೀಜ ಬೆಳೆದ ಊರು ಮತ್ತು ವರ್ಷ. ಪೊಟ್ಟಣದ ಮೇಲೆ ಕಾಕಾ ಪೆನ್ನಿನಿಂದ ಬರೆದ ಆ ವರ್ಷವನ್ನು, ಎಣಿಕೆಯೆಲ್ಲ ಮುಗಿದ ಮೇಲೆ, ಗೆಳತಿಯ ಪಟ್ಟಿ ಬಿಚ್ಚಿ ಸ್ಲೈಡಿನ ಅಂಕಿಗಳ ಎದುರು ಬರೆದುಕೊಳ್ಳಿ.